ಕಾಫಿಗೆ ಜಾಗತಿಕ ದರ ಇದೆ, ಚಹಾಕ್ಕೆ ಯಾಕಿಲ್ಲ?

ಬೆರಗುಗಣ್ಣು:
ಕಾಫಿ ಬೆಲೆ ನೋಡಬೇಕು ಅಂದ್ರೆ ನ್ಯೂಯಾರ್ಕ್‌ನಲ್ಲಿ ಅರೇಬಿಕಾ, ಲಂಡನ್ನಿನಲ್ಲಿ ರೊಬಸ್ಟಾ, ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ಮುಂದಿನ ಮಾರ್ಚ್‌ಗೆ ಎಷ್ಟು ಅಂತಲೂ ಸಿಗುತ್ತೆ. ಚಹಾಕ್ಕೆ ಹುಡುಕಿದ್ರೆ ಕೆನ್ಯಾದ ಮೊಂಬಾಸಾ ಹರಾಜು ಒಂದು ಹೇಳುತ್ತೆ, ಕೊಲಂಬೊ ಇನ್ನೊಂದು, ಕೋಲ್ಕತ್ತ ಮತ್ತೊಂದು. ನೀರು ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಜನ ಕುಡಿಯೋದು ಇದನ್ನೇ ಅಂತಾರೆ. ಅಂಥದ್ದಕ್ಕೆ ಒಂದು ಫ್ಯೂಚರ್ಸ್ ಮಾರುಕಟ್ಟೆ, ಅಂದ್ರೆ ಮುಂದೆ ಕೊಡೋ ಮಾಲಿಗೆ ಇವತ್ತೇ ದರ ಕಟ್ಟೋ ಜಾಗ, ಬೇಡವಾ? ಅಥವಾ ನನಗೇ ಹುಡುಕೋಕೆ ಬಂದಿಲ್ವಾ?

ರುಚಿಮೇಜು:
ಇಲ್ಲದ್ದನ್ನು ಹುಡುಕಿದರೆ ಎಲ್ಲಿಂದ ಸಿಗಬೇಕು ಹೇಳಿ! ಚಹಾಕ್ಕೆ ಹೇಳಿಕೊಳ್ಳುವಂಥ ಫ್ಯೂಚರ್ಸ್ ಮಾರುಕಟ್ಟೆ ಇಲ್ಲ. ನಾನು ಹನ್ನೊಂದು ವರ್ಷ ಹರಾಜಿನ ಬ್ರೋಕರ್ ಒಬ್ಬರ ಹತ್ತಿರ ಚಹಾ ರುಚಿ ನೋಡುವ ಕೆಲಸ ಮಾಡಿದವನು. ಆ ಮೇಜಿನ ಕಡೆಯಿಂದ ಕಂಡದ್ದು ಹೇಳ್ತೀನಿ.

ಉದ್ದನೆಯ ಮೇಜು. ಹಿಂದಿನ ಸಾಲಿನಲ್ಲಿ ಒಣಪುಡಿಯ ಡಬ್ಬಿಗಳು, ಅದರ ಮುಂದೆ ಮುಚ್ಚಳ ಇರುವ ಬಿಳಿ ಪಿಂಗಾಣಿ ಕಪ್ಪುಗಳು, ಅದರ ಮುಂದೆ ಬಟ್ಟಲುಗಳು. 100 ಮಿಲಿ ಕುದಿನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ಇದು ನಮ್ಮ ಮನಸ್ಸಿಗೆ ಬಂದ ಲೆಕ್ಕ ಅಲ್ಲ, ಐಎಸ್‌ಒ 3103 ಅನ್ನೋ ಅಂತಾರಾಷ್ಟ್ರೀಯ ಮಾನದಂಡ. (ಇದರ ಹಿಂದಿದ್ದ ಬ್ರಿಟಿಷ್ ಮಾನದಂಡಕ್ಕೆ 1999ರಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆ ಪ್ರಶಸ್ತಿ ಬಂತು. ಚಹಾ ಮಾಡೋದು ಹೇಗೆ ಅಂತ ಆರು ಪುಟ ಬರೆದದ್ದಕ್ಕೆ, ಅದೂ ಸಾಹಿತ್ಯ ವಿಭಾಗದಲ್ಲಿ.) ಗಂಟೆ ಹೊಡೆದ ಕೂಡಲೇ ಕಷಾಯವನ್ನು ಬಟ್ಟಲಿಗೆ ಬಸಿದು, ನೆನೆದ ಎಲೆಯನ್ನು ಮುಚ್ಚಳದ ಮೇಲೆ ಕೊಡವಿ ಇಡ್ತೀವಿ. ಆಮೇಲೆ ಚಮಚದಲ್ಲಿ ತಗೊಂಡು ಸುರ್ರ್ ಅಂತ ಎಳೆದು, ಬಾಯಲ್ಲಿ ಆಡಿಸಿ, ಪೀಕದಾನಿಗೆ ಉಗಿದು, ಮುಂದಿನ ಬಟ್ಟಲಿಗೆ. ಹರಾಜಿನ ವಾರ ಅಂದ್ರೆ ಒಂದು ಬೆಳಗ್ಗೆಗೆ ಇನ್ನೂರು ಬಟ್ಟಲು ದಾಟೋದು ದೊಡ್ಡ ಮಾತೇನಲ್ಲ.

ಈಗ ವಿಷಯಕ್ಕೆ. ಒಂದೇ ತೋಟ, ಒಂದೇ ಗ್ರೇಡು. ಸೋಮವಾರ ಕಿತ್ತ ಎಲೆಯದ್ದು ಒಂದು ಲಾಟು, ಗುರುವಾರದ್ದು ಇನ್ನೊಂದು. ನಡುವೆ ಎರಡು ದಿನ ಮಳೆ ಹಿಡಿದಿತ್ತು. ಮೊದಲನೆಯದು ನಾಲಿಗೆಗೆ ಚುರುಕಾಗಿ ತಾಗುತ್ತೆ, ನಾವು ‘ಬ್ರಿಸ್ಕ್’ ಅಂತೀವಿ. ಎರಡನೆಯದು ಸಪ್ಪೆ. ಹೊರಗಿನಿಂದ ಪುಡಿ ನೋಡಿದರೆ ವ್ಯತ್ಯಾಸವೇ ಕಾಣಲ್ಲ, ಆದರೆ ಎರಡಕ್ಕೂ ಬೇರೆ ಬೇರೆ ದರ. ಫ್ಯೂಚರ್ಸ್ ನಡೀಬೇಕಾದ್ರೆ ‘ಇಂಥ ದರ್ಜೆಯ ಇಷ್ಟು ಟನ್’ ಅಂತ ಕಾಗದದಲ್ಲಿ ಬರೆದರೆ ಸಾಕು, ಮಾಲು ನೋಡದೆ ಕೊಳ್ಳೋರು ಇರಬೇಕು. ಗೋಧಿಗೆ, ಕಾಫಿ ಬೀಜಕ್ಕೆ ಅದು ನಡೆಯುತ್ತೆ. ಕುಡಿದು ನೋಡದೆ ಚಹಾ ಕೊಳ್ಳೋ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ.

ಖಾತೆಪುಸ್ತಕ:
ರುಚಿಮೇಜು ಸರ್ ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಉಳಿದರ್ಧ ಗಿಡದಲ್ಲೇ ಇದೆ.

ಕಾಫಿ ವರ್ಷದ ಬೆಳೆ. ಕೊಯ್ದು ಒಣಗಿಸಿ ಗೋದಾಮಿನಲ್ಲಿಟ್ಟು ಬೆಲೆ ಬರಲಿ ಅಂತ ಕಾಯಬಹುದು, ಹುರಿಯದ ಬೀಜ ತಿಂಗಳುಗಟ್ಟಲೆ ಕೆಡಲ್ಲ. ಚಹಾ ಗಿಡ ಹಾಗಲ್ಲ. ಚಿಗುರಿನ ಕಾಲದಲ್ಲಿ ವಾರ, ಹತ್ತು ದಿನಕ್ಕೊಮ್ಮೆ ಕೀಳಲೇಬೇಕು. ಬೆಲೆ ಬಿದ್ದಿದೆ ಅಂತ ಬಿಟ್ಟರೆ ಎಲೆ ಬಲಿತು ಒರಟಾಗುತ್ತೆ, ಸೊಂಟದ ಮಟ್ಟಕ್ಕೆ ಸಮವಾಗಿ ಕಾಯ್ದುಕೊಂಡ ಗಿಡ ಮರವಾಗೋಕೆ ಹೊರಡುತ್ತೆ. ಕಿತ್ತ ಎಲೆ ಆವತ್ತೇ ಕಾರ್ಖಾನೆ ಸೇರಬೇಕು. ನಾಲ್ಕೂವರೆ ಕಿಲೋ ಹಸಿ ಎಲೆಗೆ ಹೆಚ್ಚುಕಡಿಮೆ ಒಂದು ಕಿಲೋ ಚಹಾ. ಅಂದ್ರೆ ಬೆಲೆ ಇಳಿದಾಗ ಮಾಲು ಕಡಿಮೆ ಮಾಡೋ ದಾರಿಯೇ ಬೆಳೆಗಾರನಿಗೆ ಇಲ್ಲ. ಎಷ್ಟೋ ಸಲ ನಷ್ಟ ತುಂಬೋಕೆ ಇನ್ನೂ ಹೆಚ್ಚು ಕೀಳ್ತಾನೆ, ಅದರಿಂದ ಬೆಲೆ ಇನ್ನೂ ಕೆಳಕ್ಕೆ.

ತಡೆಯೋಕೆ ಪ್ರಯತ್ನ ನಡೆದಿಲ್ಲ ಅಂತಲ್ಲ. ಮಹಾ ಕುಸಿತದ ಕಾಲದಲ್ಲಿ, 1933ರಲ್ಲಿ, ಭಾರತ, ಸಿಲೋನ್ ಮತ್ತು ಡಚ್ಚರ ಈಸ್ಟ್ ಇಂಡೀಸ್ ಸೇರಿ ರಫ್ತಿಗೆ ಕೋಟಾ ಹಾಕಿಕೊಂಡಿದ್ದವು. ಆಗ ಹೊರಗೆ ಮಾರೋರೇ ಮೂರು ನಾಲ್ಕು ಮಂದಿ, ಅವರೂ ಎರಡು ಸಾಮ್ರಾಜ್ಯದ ಅಡಿಯಲ್ಲಿ, ಹಾಗಾಗಿ ನಡೀತು. ಈಗ ಎಷ್ಟು ದೇಶಗಳು ಅಂತ ಎಣಿಸಿ ನೋಡಿ.

ಬೆರಗುಗಣ್ಣು:
ಹಾಗಾದ್ರೆ ದೊಡ್ಡ ರಫ್ತುದಾರ ದೇಶ ಒಂದೇ ನಿಂತು ‘ಇಷ್ಟಕ್ಕಿಂತ ಕಡಿಮೆಗೆ ಕೊಡಲ್ಲ’ ಅಂದ್ರೆ?

ಖಾತೆಪುಸ್ತಕ:
ಕೆನ್ಯಾ ಹಾಗೆ ಹೇಳಿಯೇ ನೋಡಿತು. 2021ರ ಜುಲೈನಲ್ಲಿ ಸಣ್ಣ ಬೆಳೆಗಾರರ ಕಾರ್ಖಾನೆಗಳ ಚಹಾಕ್ಕೆ ಕಿಲೋಗೆ 2.43 ಡಾಲರ್ ಕನಿಷ್ಠ ದರ ಕಟ್ಟಿತು. ಒಳ್ಳೆ ಚಹಾ ಹೇಗೂ ಹೋಗುತ್ತಿತ್ತು. ಸಾಧಾರಣ ಚಹಾ ಗೋದಾಮಿನಲ್ಲಿ ರಾಶಿ ಬಿತ್ತು. ಇಟ್ಟಷ್ಟೂ ಹಳತಾಗೋ ಮಾಲು ಇದು, ಮುಂದಿನ ವರ್ಷ ಅದನ್ನೇ ಕೇಳೋರಿಲ್ಲ.

ರುಚಿಮೇಜು:
ಅದಕ್ಕೆ ಕಾರಣ ಬ್ಲೆಂಡರ್. ಮಿಕ್ಸಿ ಅಲ್ಲ, ಮನುಷ್ಯ. 🙂

ದೊಡ್ಡ ಬ್ರ್ಯಾಂಡಿನ ಒಂದು ಪೊಟ್ಟಣದಲ್ಲಿ ಇಪ್ಪತ್ತು ಮೂವತ್ತು ತೋಟದ ಚಹಾ ಇರೋದು ಮಾಮೂಲಿ. ಕೊಳ್ಳೋರಿಗೆ ಬೇಕಾದ್ದು ಹೋದ ತಿಂಗಳ ರುಚಿಯೇ ಈ ತಿಂಗಳೂ. ತೋಟದಲ್ಲಿ ಅದೇ ರುಚಿ ಎರಡು ವಾರ ನಿಲ್ಲಲ್ಲ. ಹಾಗಾಗಿ ಬ್ಲೆಂಡರ್ ಬಣ್ಣಕ್ಕೆ ಒಂದು, ಗಟ್ಟಿತನಕ್ಕೆ ಒಂದು, ಚುರುಕಿಗೆ ಒಂದು, ಖಾಲಿ ಜಾಗ ತುಂಬೋಕೆ ಅಗ್ಗದ್ದೊಂದು ಅಂತ ಹೊಂದಿಸ್ತಾ ಇರ್ತಾನೆ. ಕೆನ್ಯಾದ್ದು ದುಬಾರಿ ಆಯ್ತಾ, ಸ್ವಲ್ಪ ತೆಗೆದು ರುವಾಂಡಾದ್ದು ಹಾಕ್ತಾನೆ. ಅದೂ ಏರಿತಾ, ಮಲಾವಿ, ಇಂಡೋನೇಷ್ಯಾ, ವಿಯೆಟ್ನಾಂ. ನಿಮ್ಮ ನಾಲಿಗೆಗೆ ಗೊತ್ತಾಗದ ಹಾಗೆ ಮಾಡೋದೇ ಅವನ ಸಂಬಳ. ಇಂಥವನ ಮುಂದೆ ಒಂದು ದೇಶ ಒಂಟಿಯಾಗಿ ಬಿಗಿ ಹಿಡಿದರೆ ಏನಾದೀತು?

ನಾನು ಚಹಾ ವ್ಯಾಪಾರವನ್ನು ಅರ್ಥ ಮಾಡಿಕೊಂಡಿದ್ದು ಇದೊಂದರಿಂದ. ಹರಾಜಿನಲ್ಲಿ ಪ್ರತಿ ಲಾಟಿಗೂ ಹೆಸರು, ಗುರುತು, ಬೇರೆ ರುಚಿ, ಬೇರೆ ದರ. ಅಂಗಡಿ ಕಪಾಟಿಗೆ ಬರೋ ಹೊತ್ತಿಗೆ ಆ ಎಲ್ಲ ಹೆಸರೂ ಅಳಿಸಿ ಒಂದೇ ಹೆಸರು.

ನಕ್ಷೆಹುಚ್ಚಿ:
ಅಂಕಿ ಇಲ್ಲದೆ ಮಾತಾಡಿದರೆ ನನಗೆ ಕೈ ತುರಿಸುತ್ತೆ, ಕ್ಷಮಿಸಿ.

ಜಗತ್ತಿನ ಉತ್ಪಾದನೆ ವರ್ಷಕ್ಕೆ 65 ಲಕ್ಷ ಟನ್ನಿಗೂ ಮೇಲೆ. ಗಡಿ ದಾಟೋದು ಸುಮಾರು 18–19 ಲಕ್ಷ ಟನ್. ಅಂದ್ರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬೆಳೆದ ದೇಶದಲ್ಲೇ ಖರ್ಚು. ಚೀನಾ ಒಂದೇ 30 ಲಕ್ಷ ಟನ್ ದಾಟುತ್ತೆ, ಬಹುತೇಕ ತಾನೇ ಕುಡಿಯುತ್ತೆ. ಭಾರತ ಸುಮಾರು 13 ಲಕ್ಷ ಟನ್, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಒಳಗೇ ಮುಗಿಯುತ್ತೆ. ಕೆನ್ಯಾ ಇದಕ್ಕೆ ತದ್ವಿರುದ್ಧ: ಐದಾರು ಲಕ್ಷ ಟನ್ ಬೆಳೆದು ಅದರಲ್ಲಿ ಹತ್ತನೇ ಒಂದು ಭಾಗವನ್ನೂ ಕುಡಿಯಲ್ಲ. ತೂಕದಲ್ಲಿ ಅದೇ ಜಗತ್ತಿನ ಮೊದಲ ರಫ್ತುದಾರ.

ಕುಡಿಯೋರಲ್ಲಿ ಮೊದಲನೆಯವರು ಯಾರು ಅಂತ ಕೇಳಿದ್ರೆ ಎಲ್ಲರೂ ಬ್ರಿಟನ್ ಅಂತಾರೆ. ತಲಾ ಲೆಕ್ಕದಲ್ಲಿ ಟರ್ಕಿ, ವರ್ಷಕ್ಕೆ ಒಬ್ಬರಿಗೆ 3 ಕಿಲೋ ಮೀರುತ್ತೆ. ಐರ್ಲೆಂಡ್ ಕೂಡ ಬ್ರಿಟನ್ನಿಗಿಂತ ಮುಂದೆ. ಭಾರತದ ಸರಾಸರಿ ಒಂದು ಕಿಲೋನೂ ಇಲ್ಲ, ಜನಸಂಖ್ಯೆಯಿಂದ ಒಟ್ಟು ದೊಡ್ಡದಾಗಿ ಕಾಣೋದು. ಟರ್ಕಿಯ ಕಥೆ ಸ್ವಾರಸ್ಯ. ಕಾಫಿಗೆ ಹೆಸರಾದ ದೇಶ. ಒಟ್ಟೋಮನ್ ಸಾಮ್ರಾಜ್ಯ ಕಳೆದುಕೊಂಡು, ಯೆಮನ್ ಕೈತಪ್ಪಿ, ಕಾಫಿ ದುಬಾರಿ ಆದಾಗ ಕಪ್ಪು ಸಮುದ್ರದ ದಡದ ರಿಜೆಯಲ್ಲಿ ಚಹಾ ಹಾಕಿದರು. ಮೊದಲ ಕಾರ್ಖಾನೆ 1947ರಲ್ಲಿ. ಈಗ ಹೊರಗಿನ ಚಹಾಕ್ಕೆ 145 ಶೇಕಡಾ ಸುಂಕ. ಇಷ್ಟು ಕುಡಿಯೋ ದೇಶ ಜಗತ್ತಿನ ಮಾರುಕಟ್ಟೆಗೆ ಬಾಗಿಲು ಹಾಕಿಕೊಂಡು ಕೂತಿದೆ.

ಬೆರಗುಗಣ್ಣು ಅವರ ಪ್ರಶ್ನೆಗೆ ಇದೂ ಒಂದು ಉತ್ತರ ಅಲ್ವಾ? ಬಹುಪಾಲು ಮಾಲು ಸಂತೆಗೇ ಬರದಿದ್ದರೆ ಜಗತ್ತಿಗೆಲ್ಲ ಒಂದು ದರ ಎಲ್ಲಿಂದ ಹುಟ್ಟುತ್ತೆ?

ಕಡಲತಡಿ:
ನಕ್ಷೆಹುಚ್ಚಿ ಮೇಡಂ, ರಫ್ತಿನಲ್ಲಿ ಚೀನಾ ಮೊದಲು ಅಂತ ನಾನು ಓದಿದ್ದು ಉಂಟು. ನಿಮ್ಮ ಲೆಕ್ಕ ತಪ್ಪಲ್ಲವಾ ಮಾರಾಯ್ರೆ?

ನಕ್ಷೆಹುಚ್ಚಿ:
ನೀವು ಓದಿದ್ದು ಹಣದ ಲೆಕ್ಕ ಇರಬೇಕು, ನಾನು ಹೇಳಿದ್ದು ತೂಕ. ಹಣದಲ್ಲಿ ಚೀನಾ, ಶ್ರೀಲಂಕಾ, ಕೆನ್ಯಾ ನಡುವೆ ಹಣಾಹಣಿ. ಚೀನಾ ಹೊರಗೆ ಕಳಿಸೋದು ಹೆಚ್ಚಾಗಿ ಹಸಿರು ಚಹಾ, ಅದರ ಅತಿ ದೊಡ್ಡ ಗಿರಾಕಿ ಮೊರಾಕೊ. ಮದ್ದಿನ ಗುಂಡಿನ ಹಾಗೆ ಸುತ್ತಿಕೊಂಡ ಎಲೆ, ಅದಕ್ಕೇ ‘ಗನ್‌ಪೌಡರ್’ ಅಂತ ಹೆಸರು. ಮೊರಾಕೊಗೆ ಆ ರುಚಿ ಹತ್ತಿದ್ದು ಕ್ರೈಮಿಯಾ ಯುದ್ಧದ ಹೊತ್ತಿಗೆ. ಬಾಲ್ಟಿಕ್ ಕಡೆಯ ಗಿರಾಕಿ ಕೈಬಿಟ್ಟ ಬ್ರಿಟಿಷ್ ವ್ಯಾಪಾರಿಗಳು ಮಾಲನ್ನು ಅಲ್ಲಿಗೆ ತಂದು ಸುರಿದರು.

ಒಂದುಕಪ್ಪು:
ಏನೇ ಅಂದ್ರೂ ಚಹಾ ಅಂದ್ರೆ ಭಾರತದ್ದೇ. ಅಮೆರಿಕನ್ನರು ಬಾಸ್ಟನ್‌ನಲ್ಲಿ ಸಮುದ್ರಕ್ಕೆ ಎಸೆದದ್ದೂ ನಮ್ಮ ಚಹಾನೇ ತಾನೆ, ಈಸ್ಟ್ ಇಂಡಿಯಾ ಕಂಪನಿಯದ್ದು.

ಹಳೇಕಡತ:
ಕಂಪನಿಯದ್ದು ಹೌದು, ಭಾರತದ್ದಲ್ಲ. 1773ರ ಡಿಸೆಂಬರ್ 16ರ ರಾತ್ರಿ ನೀರು ಪಾಲಾದ 342 ಪೆಟ್ಟಿಗೆಗಳಲ್ಲಿ ಇದ್ದದ್ದು ಪೂರ್ತಿ ಚೀನಾದ ಚಹಾ. ಆಗ ಅಸ್ಸಾಮಿನ ಚಹಾ ಗಿಡದ ಸುದ್ದಿಯೇ ಕಂಪನಿಗೆ ಗೊತ್ತಿರಲಿಲ್ಲ. ರಾಬರ್ಟ್ ಬ್ರೂಸ್‌ಗೆ ಅದು ತಿಳಿದದ್ದು 1823ರಲ್ಲಿ, ಅದೂ ಅಲ್ಲಿನ ಸಿಂಗ್‌ಫೋ ಜನ ಮೊದಲಿಂದಲೇ ಕುಡಿಯುತ್ತಿದ್ದದ್ದರಿಂದ. ಅಸ್ಸಾಂ ಚಹಾ ಲಂಡನ್ನಿನಲ್ಲಿ ಮೊದಲ ಸಲ ಹರಾಜಾದದ್ದು 1839ರ ಜನವರಿಯಲ್ಲಿ.

ಇನ್ನೊಂದು ವಿಚಾರ. ಸುಂಕ ಅನ್ನೋದು ಈ ವ್ಯಾಪಾರವನ್ನು ಎಷ್ಟು ಆಳಿದೆ ಅಂದ್ರೆ, ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಚಹಾ ಸುಂಕ 119 ಶೇಕಡಾ ಮುಟ್ಟಿತ್ತು. ಕಳ್ಳಸಾಗಣೆ ಭರ್ಜರಿಯಾಗಿತ್ತು, ಒಣಗಿಸಿದ ಬೇರೆ ಬೇರೆ ಎಲೆ ಬೆರೆಸೋದೂ ನಡೀತಿತ್ತು. 1784ರಲ್ಲಿ ಅದನ್ನು 12.5 ಶೇಕಡಾಕ್ಕೆ ಇಳಿಸಿದ ಕೂಡಲೇ ಕಳ್ಳರಿಗೆ ಕೆಲಸ ಇಲ್ಲದಾಯ್ತು. ಅಲ್ಲಿಂದ ಮುಂದೆ ಚೀನಾಕ್ಕೆ ಕೊಡಬೇಕಾದ ಬೆಳ್ಳಿಯ ಸಮಸ್ಯೆ, ಅದಕ್ಕೆ ಬದಲಾಗಿ ಅಫೀಮು, 1839ರ ಯುದ್ಧ. ಆ ಕಥೆ ಎಲ್ಲರಿಗೂ ಗೊತ್ತಿರೋದೇ, ಎಳೆಯಲ್ಲ.

ಹರಾಜಿನ ಮಾತು ಬಂತಲ್ಲ: ಕಂಪನಿಯ ಕಾಲದಲ್ಲಿ ಲಂಡನ್ನಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ಕೂಗುತ್ತಿದ್ದರು. ಬತ್ತಿ ಒಂದು ಅಂಗುಲ ಉರಿಯೋವರೆಗೆ ಕೂಗಬಹುದು, ಅಷ್ಟರೊಳಗಿನ ಕೊನೆಯ ಕೂಗಿಗೆ ಮಾಲು. 1679ರಲ್ಲಿ ಶುರುವಾದ ಲಂಡನ್ ಹರಾಜು 1998ರ ಜೂನ್ 29ಕ್ಕೆ ಮುಗಿಯಿತು. ಅಷ್ಟರೊಳಗೆ ಹರಾಜು ಬೆಳೆಯೋ ದೇಶಗಳಿಗೇ ಹೋಗಿತ್ತು: ಕೋಲ್ಕತ್ತ 1861, ಕೊಲಂಬೊ 1883, ಕೆನ್ಯಾ 1956. ಲಂಡನ್ ಹರಾಜು ಇದ್ದಾಗ ಬೆರಗುಗಣ್ಣು ಅವರಿಗೆ ಬೇಕಾದ ‘ಒಂದು ದರ’ದ ಹತ್ತಿರದ್ದು ಏನೋ ಇತ್ತು ಅನ್ನಬಹುದು.

ಒಂದುಕಪ್ಪು:
ಸರಿ ಸರ್, ತಿದ್ದಿಕೊಂಡೆ. ಆದ್ರೆ ಒಳ್ಳೆ ಎಲೆ ಎಲ್ಲ ರಫ್ತಿಗೆ ಹೋಗಿ ನಮಗೆ ಉಳಿಯೋದು ಕಾರ್ಖಾನೆ ಗುಡಿಸಿದ ಡಸ್ಟು ಅನ್ನೋದಾದ್ರೂ ನಿಜ ತಾನೆ?

ರುಚಿಮೇಜು:
ಈ ಮಾತು ಕೇಳಿದಾಗಲೆಲ್ಲ ನನ್ನ ರಕ್ತದೊತ್ತಡ ಏರುತ್ತೆ. ಡಸ್ಟ್ ಅಂದ್ರೆ ಕಸ ಅಲ್ಲ, ಕಣದ ಗಾತ್ರ. ಒಣಗಿದ ಚಹಾವನ್ನು ಒಂದರ ಕೆಳಗೊಂದು ಇರೋ ಜರಡಿಗಳಲ್ಲಿ ಆಡಿಸ್ತಾರೆ. ಮೇಲೆ ನಿಂತದ್ದು ದೊಡ್ಡ ಕಾಳು, ಎಲ್ಲಕ್ಕಿಂತ ಕೆಳಗೆ ಬಿದ್ದದ್ದು ಡಸ್ಟ್. ಹಲವು ಹರಾಜುಗಳಲ್ಲಿ ಒಳ್ಳೆ ಡಸ್ಟು ಅದೇ ತೋಟದ ದೊಡ್ಡ ಕಾಳಿಗಿಂತ ಹೆಚ್ಚು ದರಕ್ಕೆ ಹೋದದ್ದನ್ನು ನಾನೇ ಬರೆದುಕೊಂಡಿದ್ದೇನೆ. ಕಣ ಸಣ್ಣದಾದಷ್ಟೂ ನೀರು ತಾಗೋ ಮೈ ಜಾಸ್ತಿ, ಬಣ್ಣ ಬೇಗ, ಹಾಲು ಹಾಕಿದರೂ ಸೋಲಲ್ಲ. ಒಂದು ಕಿಲೋಗೆ ಬರೋ ಲೋಟಗಳೂ ಜಾಸ್ತಿ.

ಸಿಟಿಸಿ (ಕಟ್, ಟೇರ್, ಕರ್ಲ್) ಬಂದಮೇಲೆ ಇದೆಲ್ಲ ಬದಲಾಗಿದ್ದು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ಮೆಕರ್ಚರ್ ಅನ್ನೋರು ಮಾಡಿದ ಯಂತ್ರ. ಹಲ್ಲು ಕೊರೆದ ಎರಡು ಉಕ್ಕಿನ ರೋಲರು ಎದುರುಬದುರು, ಒಂದು ನಿಧಾನ, ಇನ್ನೊಂದು ಸುಮಾರು ಹತ್ತು ಪಟ್ಟು ವೇಗ. ಬಾಡಿಸಿದ ಎಲೆ ನಡುವೆ ಸಿಕ್ಕಿ ಕತ್ತರಿಸಿ, ಹರಿದು, ಸುರುಳಿಯಾಗಿ ಹಸಿರು ಹಿಟ್ಟಿನ ಹಾಗೆ ಬೀಳುತ್ತೆ. ಗಂಟೆ, ಒಂದೂವರೆ ಗಂಟೆಯಲ್ಲಿ ನಿಮ್ಮ ಕಣ್ಣೆದುರೇ ಹಸಿರು ಹೋಗಿ ತಾಮ್ರದ ಬಣ್ಣಕ್ಕೆ ತಿರುಗುತ್ತೆ. ಕಾರ್ಖಾನೆಯಲ್ಲಿ ಇದಕ್ಕೆ ‘ಫರ್ಮೆಂಟೇಶನ್’ ಅಂತಾರೆ, ಆದರೆ ಹುಳಿ ಬರೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕತ್ತರಿಸಿದ ಸೇಬು ಗಾಳಿಗೆ ಕಂದಾಗುತ್ತಲ್ಲ, ಅದೇ ಕೆಲಸ. ಆ ಹೊತ್ತಲ್ಲಿ ಕೋಣೆಯಲ್ಲಿ ಬರೋ ಪರಿಮಳವನ್ನು ಯಾವ ಪೊಟ್ಟಣದಲ್ಲೂ ನಾನು ಮತ್ತೆ ಕಂಡಿಲ್ಲ.

ಕಂಟೇನರ್‌ಕಾಕಾ:
ರುಚಿಮೇಜು ಅವರು ಪರಿಮಳ ಅಂದ್ರಲ್ಲ, ಅದರದ್ದ ಒಂದು ನೋವಿನ ಕಥಿ ಹೇಳ್ತೀನಿ ಕೇಳ್ರಿ. ನಾ ಹಡಗಿನ ಸರಕು ಕಳಸೋ ಕೆಲಸದಾಗ ಇದ್ದಂವ. ಚಹಾ ಅಂದ್ರ ಸ್ಪಂಜು ಇದ್ದಂಗ, ಬಾಜೂಕ ಏನ ಇರಲಿ ಅದರ ವಾಸನಿ ಎಳಕೋತದ. ಹಿಂದಿನ ಕಾಲದಾಗ ಒಳಗ ಹಾಳಿ ಹಚ್ಚಿದ ಪ್ಲೈವುಡ್ ಪೆಟಿಗಿ ಇರತಿದ್ದವು, ಈಗೆಲ್ಲ ಕಾಗದದ ಚೀಲ.

ಒಮ್ಮೆ ನಮಗ ಒಂದು ಖಾಲಿ ಕಂಟೇನರ್ ಬಂತು. ತೊಳದೀವಿ ಅಂತ ಚೀಟಿ ಇತ್ತು. ನಿಯಮ ಏನಂದ್ರ, ಒಬ್ಬಂವ ಒಳಗ ಹೋಗಬೇಕು, ಬಾಗಲಾ ಮುಚ್ಚಿ ಐದು ನಿಮಿಷ ನಿಂತು ಮೂಸಿ ನೋಡಬೇಕು. ಅವತ್ತ ಮಳಿ ಬರಾಕತ್ತಿತ್ತು, ಅವಸರ ಇತ್ತು, ನಾವ್ ಬಾಗಲದಾಗ ನಿಂತ ಒಂದ ಸಲ ಮೂಸಿ ಸಹಿ ಹಾಕಿದ್ವಿ. ಹಿಂದಿನ ಸಲ ಅದರಾಗ ಸಾಬೂನಿನ ಮಾಲು ಹೋಗಿತ್ತಂತ ಆಮ್ಯಾಲ ಗೊತ್ತಾತು. ಬಿಸಿಲಿಗೆ ಕಾದು, ವಾರಗಟ್ಟಲೆ ಸಮುದ್ರದ ಮ್ಯಾಲ. ಆ ಕಡೆ ತೆಗೆದ್ರ ಇಡೀ ಕಂಟೇನರ್ ಚಹಾ ಸ್ನಾನದ ಮನಿ ವಾಸನಿ. ಒಂದ ಚೀಲಾನೂ ಉಳೀಲಿಲ್ಲ. ತಪ್ಪು ನಮ್ಮದ, ಯಾರಿಗೆ ಬೈಯೂದು?

ದಾರಿ ಬಗ್ಗೆನೂ ಒಂದ ಮಾತು. 2023ರ ಕೊನಿಗೆ ಕೆಂಪು ಸಮುದ್ರದಾಗ ಹಡಗಿನ ಮ್ಯಾಲ ದಾಳಿ ಶುರು ಆದಾಗ, ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗಬೇಕಾತು. ಹತ್ತು ದಿನಕ್ಕೂ ಹೆಚ್ಚು ಜಾಸ್ತಿ. 2024ರ ಫೆಬ್ರುವರಿಗೆ ಬ್ರಿಟನ್ನಿನ ಅಂಗಡಿಯೊಳಗ ಕಪ್ಪು ಚಹಾ ಕಡಿಮಿ ಅದ ಅಂತ ಚೀಟಿ ಅಂಟಿಸಿದ್ರು. ಅಷ್ಟ ಸಣ್ಣ ದಾಸ್ತಾನಿನ ಮ್ಯಾಲ ನಡದಿತ್ತು ಅವರ ವ್ಯವಹಾರ.

ಬೆರಗುಗಣ್ಣು:
ಕಾಕಾ, ಇನ್ಮೇಲೆ ಪೊಟ್ಟಣ ಒಡೆದ ಕೂಡಲೇ ಮೂಸಿ ನೋಡ್ತೀನಿ.

ಖಾತೆಪುಸ್ತಕ:
ಹಣದ ವಿಚಾರಕ್ಕೆ ವಾಪಸ್. ಚಹಾ ಎಂಥ ಸರಕು ಅಂದ್ರೆ, ದೇಶಗಳು ಡಾಲರ್ ಇಲ್ಲದಾಗ ಅದನ್ನೇ ಹಣ ಮಾಡಿಕೊಳ್ತವೆ. ಹಳೆ ಕಾಲದಲ್ಲಿ ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಕಡೆ ಒತ್ತಿದ ಚಹಾ ಇಟ್ಟಿಗೆ ನಾಣ್ಯದ ಹಾಗೆ ನಡೀತಿತ್ತು. 2021ರ ಡಿಸೆಂಬರ್‌ನಲ್ಲಿ ಅದೇ ಮತ್ತೆ ನಡೀತು: ಶ್ರೀಲಂಕಾ ಇರಾನಿಗೆ ಕೊಡಬೇಕಿದ್ದ ತೈಲದ ಬಾಕಿ 25 ಕೋಟಿ ಡಾಲರ್. ತಿಂಗಳಿಗೆ 50 ಲಕ್ಷ ಡಾಲರ್ ಮೌಲ್ಯದ ಚಹಾ ಕಳಿಸಿ ತೀರಿಸೋದು ಅಂತ ಒಪ್ಪಂದ. ಅದೇ ವರ್ಷ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರ ನಿಷೇಧಿಸಿ, ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಮುಂದಿನ ವರ್ಷದ ಉತ್ಪಾದನೆ ಸುಮಾರು 30 ಕೋಟಿ ಕಿಲೋದಿಂದ 25 ಕೋಟಿಗೆ ಬಿತ್ತು.

ಇನ್ನೊಂದು ತುದಿಯಲ್ಲಿ ಪಾಕಿಸ್ತಾನ. ಬೆಳೆಯೋದು ಇಲ್ಲವೇ ಇಲ್ಲ ಅನ್ನುವಷ್ಟು, ತರಿಸೋದು ವರ್ಷಕ್ಕೆ 20 ಕೋಟಿ ಕಿಲೋಗೂ ಹೆಚ್ಚು, ಮುಖ್ಯವಾಗಿ ಕೆನ್ಯಾದಿಂದ. 2022ರ ಜೂನ್‌ನಲ್ಲಿ ವಿದೇಶಿ ವಿನಿಮಯ ಬರಿದಾದಾಗ ಸಚಿವ ಅಹ್ಸಾನ್ ಇಕ್ಬಾಲ್ ‘ದಿನಕ್ಕೆ ಒಂದೆರಡು ಕಪ್ ಕಡಿಮೆ ಮಾಡಿ, ಸಾಲ ತಂದು ಚಹಾ ತರಿಸ್ತಿದ್ದೀವಿ’ ಅನ್ನೋ ಅರ್ಥದಲ್ಲಿ ಕೇಳಿಕೊಂಡರು. ಜನ ಹೇಗೆ ಗೇಲಿ ಮಾಡಿದರು ಅಂತ ಹೇಳಬೇಕಾಗಿಲ್ಲ.

ಕಡಲತಡಿ:
ಅಲ್ಲ, ಇಷ್ಟೆಲ್ಲ ವ್ಯಾಪಾರದಲ್ಲಿ ಎಲೆ ಕೀಳುವವರಿಗೆ ಸಿಗುವುದು ಎಷ್ಟು? ಅದನ್ನು ಯಾರೂ ಹೇಳಲಿಲ್ಲ.

ಖಾತೆಪುಸ್ತಕ:
ದೇಶದಿಂದ ದೇಶಕ್ಕೆ ಬೇರೆ, ಒಂದು ಅಂಕಿ ಕೊಟ್ಟರೆ ಸುಳ್ಳಾದೀತು. ಆದರೆ ಲಾಭ ಎಲ್ಲಿ ಕೂತಿದೆ ಅನ್ನೋದಕ್ಕೆ ಒಂದು ವ್ಯವಹಾರ ನೋಡಿ. ಯುನಿಲಿವರ್ ತನ್ನ ಚಹಾ ವಿಭಾಗದ ಬಹುಭಾಗವನ್ನು 450 ಕೋಟಿ ಯೂರೋಗೆ ಮಾರೋದಾಗಿ 2021ರ ನವೆಂಬರ್‌ನಲ್ಲಿ ಘೋಷಿಸಿತು, ಲಿಪ್ಟನ್ ಹೆಸರೂ ಅದರಲ್ಲಿತ್ತು. ಕೊಂಡವರು ಹೆಸರು ಇಟ್ಟುಕೊಂಡರು. ಪೂರ್ವ ಆಫ್ರಿಕಾದ ತೋಟಗಳನ್ನು 2024ರಲ್ಲಿ ಶ್ರೀಲಂಕಾದ ಒಂದು ಕಂಪನಿಗೆ ಕೊಡೋಕೆ ಒಪ್ಪಿದರು. ಹೆಸರು ಬೇಕು, ಮಣ್ಣು ಬೇಡ.

ಕಾಫಿಗೂ ಇದಕ್ಕೂ ಇಲ್ಲೊಂದು ವಿಚಿತ್ರ. ಕಾಫಿಯನ್ನು ಹುರಿಯೋದು ಕುಡಿಯೋ ದೇಶದಲ್ಲಿ, ಹಾಗಾಗಿ ಲಾಭ ಅಲ್ಲಿಗೆ ಹೋಯ್ತು ಅಂತ ವಾದಿಸಬಹುದು. ಚಹಾ ಹಾಗಲ್ಲ, ತೋಟದ ಪಕ್ಕದ ಕಾರ್ಖಾನೆಯಿಂದ ಹೊರಬಿದ್ದಾಗಲೇ ಕುಡಿಯೋಕೆ ತಯಾರು. ಮುಂದೆ ಆಗೋದು ಬೆರೆಸೋದು, ಪೊಟ್ಟಣ ಕಟ್ಟೋದು, ಹೆಸರು ಹಚ್ಚೋದು. ಆದರೂ ಲಾಭ ಮುಂದಕ್ಕೇ ಹೋಯ್ತು.

ಸಣ್ಣ ಬೆಳೆಗಾರರ ವ್ಯವಸ್ಥೆ ನೋಡಬೇಕು ಅಂದ್ರೆ ಕೆನ್ಯಾದ ಕೆಟಿಡಿಎ (ಕೆನ್ಯಾ ಟೀ ಡೆವಲಪ್‌ಮೆಂಟ್ ಏಜೆನ್ಸಿ). ಆರು ಲಕ್ಷಕ್ಕೂ ಹೆಚ್ಚು ಕುಟುಂಬಗಳು, ಕಾರ್ಖಾನೆಗಳಲ್ಲಿ ಅವರದ್ದೇ ಪಾಲು. ತಿಂಗಳಿಗೆ ಒಂದಿಷ್ಟು, ವರ್ಷದ ಕೊನೆಗೆ ಬೋನಸ್. ಬೋನಸ್ ಘೋಷಣೆಯಾಗೋ ವಾರ ಅಲ್ಲಿ ಚುನಾವಣೆಯಷ್ಟೇ ಬಿಸಿ.

ಹಳೇಕಡತ:
ಹೊರಡೋ ಮುಂಚೆ ಒಂದು ಸಣ್ಣ ಮಾತು. ಈ ಚರ್ಚೆಯಲ್ಲಿ ಅರ್ಧ ಜನ ‘ಟೀ’ ಅನ್ನೋರು, ಅರ್ಧ ಜನ ‘ಚಹಾ’ ಅನ್ನೋರು ಇದ್ದೀರಿ ಅಂತ ಕಾಣುತ್ತೆ. ಅದೂ ವ್ಯಾಪಾರದ ದಾರಿಯ ಗುರುತೇ. ಚೀನಾದ ಫ್ಯೂಜಿಯನ್ ತೀರದ ಮಾತಿನಲ್ಲಿ ಅದು ‘ತೆ’, ಅಲ್ಲಿನ ಮಾಲು ಕೊಂಡ ಡಚ್ಚರ ಬಾಯಿಂದ ಪಶ್ಚಿಮ ಯುರೋಪಿಗೆ ಹೋಗಿ ಇಂಗ್ಲಿಷಿನ ‘ಟೀ’ ಆಯ್ತು. ‘ಚಾ’ ಭೂಮಾರ್ಗದಲ್ಲಿ ಮಧ್ಯ ಏಷ್ಯಾ, ಪರ್ಷಿಯಾ ದಾಟಿ ಬಂತು. ಪೋರ್ಚುಗೀಸರೂ ಮಕಾವ್‌ನಿಂದ ‘ಚಾ’ ಅಂತಲೇ ಒಯ್ದರು. ಕನ್ನಡಕ್ಕೆ ಎರಡೂ ದಾರಿಯ ಮಾತು ಬಂದು ಸೇರಿದೆ.

ಬೆರಗುಗಣ್ಣು:
ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಆದರೂ ಹಠ ಬಿಡಲ್ಲ: ಒಂದೇ ಒಂದು ಅಂಕಿ ನೋಡಬೇಕು ಅಂದ್ರೆ ಯಾವುದು?

ರುಚಿಮೇಜು:
ಪೊಟ್ಟಣದ ಸಿಟಿಸಿ ಚಹಾದ ನಾಡಿ ನೋಡಬೇಕಾದ್ರೆ ಮೊಂಬಾಸಾದ ವಾರದ ಸರಾಸರಿ. ಕೆನ್ಯಾದ್ದಲ್ಲದೆ ಉಗಾಂಡಾ, ರುವಾಂಡಾ, ಬುರುಂಡಿ, ತಾಂಜಾನಿಯಾದ ಮಾಲೂ ಅಲ್ಲಿಗೇ ಬರುತ್ತೆ, ದರವೂ ಡಾಲರಿನಲ್ಲಿ. ಉರುಳಿಸಿದ ಎಲೆಯ ಆರ್ಥೊಡಾಕ್ಸ್ ಚಹಾಕ್ಕೆ ಕೊಲಂಬೊ. ಹಸಿರು ಚಹಾಕ್ಕೆ ಎರಡೂ ಪ್ರಯೋಜನ ಇಲ್ಲ. ಸರಾಸರಿ ನೋಡುವಾಗ ಪಕ್ಕದಲ್ಲೇ ‘ಮಾರಾಟವಾಗದ್ದು ಎಷ್ಟು ಶೇಕಡಾ’ ಅಂತ ಇರುತ್ತೆ, ಅದನ್ನೂ ನೋಡಿ. ದರ ನಿಂತಲ್ಲೇ ನಿಂತು ಅದು ಏರ್ತಾ ಇದ್ದರೆ, ದರ ಸುಳ್ಳು ಹೇಳ್ತಿದೆ ಅಂತ ಲೆಕ್ಕ.

ನಕ್ಷೆಹುಚ್ಚಿ:
ಒಂದೇ ಒಂದು ಅಂಕಿ ಕೇಳಿದ್ದಕ್ಕೆ ನಾಲ್ಕು ಕೊಟ್ಟಿರಿ. ಅಂದ ಹಾಗೆ ಸರ್, ಆ ಸುರ್ರ್ ಅಂತ ಎಳೆಯೋ ಅಭ್ಯಾಸ ಈಗ ಬಿಟ್ಟಿದೆಯಾ?

ರುಚಿಮೇಜು:
ಎಲ್ಲಿ ಬಿಡುತ್ತೆ! ಗಾಳಿ ಸೇರಿದರೇ ಪರಿಮಳ ಮೂಗಿನ ಹಿಂಬದಿಗೆ ಏರೋದು. ಇದನ್ನು ಮನೆಯವರಿಗೆ ಎಷ್ಟು ಸಲ ವಿವರಿಸಿದರೂ ನೆಂಟರು ಬಂದಾಗ ನನ್ನ ಲೋಟ ಒಳಗಿನ ಕೋಣೆಗೇ ಬರೋದು.